ಪಡೆ ವಾಪಸ್ ಬಂತು, ಜನ ಎಲ್ಲಿಗೆ ಹೋಗಬೇಕಿತ್ತು?

ಎರಡು ಸರ್ಕಾರಗಳು ಒಂದು ಮೇಜಿನ ಮುಂದೆ ಕೂತು, ಕೈ ಕುಲುಕಿ, ಫೋಟೋ ತೆಗೆಸಿಕೊಂಡರೆ ಪತ್ರಿಕೆಗಳು ಅದನ್ನು ಶಾಂತಿ ಅಂತ ಅಚ್ಚು ಹಾಕುತ್ತವೆ. ನಾವೂ ಹಾಗೇ ಓದಬೇಕು ಅಂತ ಕಾನೂನಿಲ್ಲ. ಆ ಮೇಜಿನ ಮುಂದೆ ಯಾರಿಗೆ ಕುರ್ಚಿ ಇರಲಿಲ್ಲ? ನಾವು ಮೊದಲು ಕೇಳಬೇಕಾದ್ದು ಇದು. ಊರಲ್ಲಿ ಇಬ್ಬರು ಗೌಡರು ಗಡಿಕಲ್ಲಿನ ವ್ಯಾಜ್ಯ ತೀರಿಸಿಕೊಳ್ಳುವಾಗ ಆ ಹೊಲದಲ್ಲಿ ಬೆನ್ನು ಬಗ್ಗಿಸಿ ದುಡಿದವನನ್ನು ಪಂಚಾಯ್ತಿಗೆ ಕರೆಯೋದಿಲ್ಲ. ಕಲ್ಲು ಹೊರೋಕೆ ಮಾತ್ರ ಕರೀತಾರೆ. ದೇಶ ದೇಶಗಳ ನಡುವಿನ ರಾಜತಂತ್ರ ಅನ್ನೋದು ಇದಕ್ಕಿಂತ ದೊಡ್ಡ ವಿದ್ಯೆ ಏನಲ್ಲ. ಅಲ್ಲಿ ಇಂಗ್ಲಿಷ್ ಜಾಸ್ತಿ, ಅಷ್ಟೇ.

ಉದಾಹರಣೆಗೆ ದೂರ ಹೋಗೋದು ಬೇಡ. 1987ರಿಂದ 1990ರವರೆಗೆ ನಮ್ಮದೇ ದೇಶದ ಸೈನ್ಯ ಪಕ್ಕದ ಶ್ರೀಲಂಕಾದಲ್ಲಿತ್ತು. ಹೆಸರು ಭಾರತೀಯ ಶಾಂತಿಪಾಲನಾ ಪಡೆ. ಅದನ್ನು ವಾಪಸ್ ಕರೆಸಿಕೊಳ್ಳುವ ವಿಚಾರವಾಗಿ ದೆಹಲಿಗೂ ಕೊಲಂಬೋಗೂ ತಿಂಗಳುಗಟ್ಟಲೆ ಕಾಗದ ಓಡಾಡಿದವು. ಈಗಲೂ ಕಾಲೇಜುಗಳಲ್ಲಿ ಈ ಮಾತು ಬಂದರೆ ಕೇಳಿಸೋದು ಎರಡೇ ರಾಗ. ಒಂದು: 'ನಮ್ಮ ಸೈನ್ಯದ ಕೈ ಕಟ್ಟಿಹಾಕಿದರು, ಇಲ್ಲದಿದ್ದರೆ ಗೆದ್ದು ಬರ್ತಿತ್ತು.' ಇನ್ನೊಂದು: 'ಶ್ರೀಲಂಕಾದವರು ಉಪಕಾರ ಮರೆತರು, ನೆರವಿಗೆ ಹೋದವರನ್ನೇ ಓಡಿಸಿದರು.' ಎರಡೂ ಒಡೆಯರ ರಾಗ. ಯಾರ ಮೀಸೆ ಮಣ್ಣಾಯ್ತು ಅನ್ನೋದಷ್ಟೇ ಅವರ ಚಿಂತೆ. ಆ ನೆಲದಲ್ಲಿ ಬದುಕುತ್ತಿದ್ದವರ ಲೆಕ್ಕ ಇವೆರಡರಲ್ಲೂ ಇಲ್ಲ. ಆ ಲೆಕ್ಕವನ್ನು ನಾವು ತೆಗೆಯೋಣ.

ಸೈನ್ಯ ಅಲ್ಲಿಗೆ ಹೋದದ್ದು ಹೇಗೆ? 1983ರ ಜುಲೈನಲ್ಲಿ ಕೊಲಂಬೋದ ಬೀದಿಗಳಲ್ಲಿ ತಮಿಳರನ್ನು ಹುಡುಕಿ ಹುಡುಕಿ ಕೊಂದರು, ಮನೆ ಅಂಗಡಿಗಳಿಗೆ ಬೆಂಕಿ ಇಟ್ಟರು. ಸಾವಿರಾರು ಜನ ಸಮುದ್ರ ದಾಟಿ ತಮಿಳುನಾಡಿಗೆ ಬಂದರು. ಅದಾದ ಮೇಲೆ ದೆಹಲಿ ಸರ್ಕಾರ ತಮಿಳು ಹೋರಾಟದ ಗುಂಪುಗಳಿಗೆ ಗುಟ್ಟಾಗಿ ತರಬೇತಿ ಕೊಟ್ಟಿತು, ಬಂದೂಕು ಕೊಟ್ಟಿತು. ಇದು ಬರೀ ಕನಿಕರವೇ? ಕೊಲಂಬೋ ಅಮೆರಿಕದ ಕಡೆ ವಾಲುತ್ತಿತ್ತು. ಅದರ ಕಿವಿ ಹಿಂಡೋಕೆ ದೆಹಲಿಗೆ ಒಂದು ಕೈ ಬೇಕಿತ್ತು. ಮನೆ ಸುಟ್ಟುಕೊಂಡ ಹುಡುಗರು ಆ ಕೈಯಾದರು.

1987ರ ಜೂನ್ 4ರಂದು ನಮ್ಮ ಬೆಂಗಳೂರಿನಿಂದಲೇ ಹಾರಿದ ಐದು ಸಾಗಣೆ ವಿಮಾನಗಳು ಮಿರಾಜ್ ಯುದ್ಧವಿಮಾನಗಳ ಕಾವಲಿನಲ್ಲಿ ಜಾಫ್ನಾ ಮೇಲೆ ಸುಮಾರು 25 ಟನ್ ಆಹಾರ ಮತ್ತು ಔಷಧಿ ಉದುರಿಸಿ ಬಂದವು. ಶ್ರೀಲಂಕಾ ಸೈನ್ಯ ಆಗ ಜಾಫ್ನಾವನ್ನು ಸುತ್ತುವರಿದಿತ್ತು. ಹಸಿದವರಿಗೆ ಅನ್ನ ಕೊಡೋದು ಒಳ್ಳೇದೇ. ಆದರೆ ಯುದ್ಧವಿಮಾನದ ಜೊತೆ ಬರುವ ಅನ್ನದ ಹಿಂದೆಯೇ ಸಹಿ ಹಾಕಬೇಕಾದ ಕಾಗದವೂ ಬರುತ್ತೆ. ಎಂಟು ವಾರ ತುಂಬುವುದರೊಳಗೆ, ಜುಲೈ 29ರಂದು, ಕೊಲಂಬೋದಲ್ಲಿ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಸಹಿ ಹಾಕಿದರು.

ಒಪ್ಪಂದದಲ್ಲಿ ಏನಿತ್ತು? ಉತ್ತರ ಮತ್ತು ಪೂರ್ವ ಪ್ರಾಂತಗಳನ್ನು ಕೂಡಿಸಿ ಒಂದು ಮಾಡೋದು. ಹಾಗೇ ಕೂಡಿರಬೇಕೋ ಬೇಡವೋ ಅಂತ 1988ರ ಡಿಸೆಂಬರ್ 31ರೊಳಗೆ ಪೂರ್ವದ ಜನರ ಮತ ಕೇಳೋದು. ತಮಿಳು ಗುಂಪುಗಳು ಬಂದೂಕು ಒಪ್ಪಿಸೋದು. ಬಂದೂಕು ಒಪ್ಪಿಸಬೇಕಾದವರ ಸಹಿ ಇದರಲ್ಲಿ ಇಲ್ಲ. ಪೂರ್ವದಲ್ಲಿ ಮೂರನೇ ಒಂದು ಪಾಲಿನಷ್ಟಿದ್ದ ಮುಸ್ಲಿಮರನ್ನು ಯಾರೂ ಕೇಳಲಿಲ್ಲ. ದಕ್ಷಿಣದ ಸಿಂಹಳ ರೈತ, ಕೂಲಿಯವರನ್ನೂ ಕೇಳಲಿಲ್ಲ. ಸಹಿ ಬಿದ್ದ ಹೊತ್ತಿಗೆ ಕೊಲಂಬೋದಲ್ಲಿ ಕರ್ಫ್ಯೂ ಇತ್ತು. ಮಾರನೇ ದಿನ ಗೌರವ ವಂದನೆಗೆ ಸಾಲು ನಿಂತಿದ್ದ ಒಬ್ಬ ನೌಕಾಪಡೆಯವನು ಬಂದೂಕಿನ ಹಿಡಿಯಿಂದ ರಾಜೀವ್ ಗಾಂಧಿಯವರ ಮೇಲೆ ಬೀಸಿದ.

ಆದರೆ ಒಪ್ಪಂದದ ಜೊತೆಗೆ ಅದೇ ದಿನ ಇಬ್ಬರು ನಾಯಕರೂ ಪರಸ್ಪರ ಬರೆದುಕೊಟ್ಟ ಕಾಗದಗಳಿವೆ. ಅವನ್ನು ಓದಬೇಕು. ಟ್ರಿಂಕೋಮಲಿ ಬಂದರನ್ನು ಭಾರತಕ್ಕೆ ತೊಂದರೆಯಾಗುವ ಹಾಗೆ ಬೇರೆ ಯಾವ ದೇಶದ ಸೈನಿಕ ಬಳಕೆಗೂ ಕೊಡಬಾರದು. ಅಲ್ಲಿನ ಎಣ್ಣೆ ಟ್ಯಾಂಕುಗಳನ್ನು ಎರಡೂ ದೇಶಗಳು ಸೇರಿ ಸರಿಪಡಿಸಬೇಕು. ಪರದೇಶದ ರೇಡಿಯೋ ಕೇಂದ್ರಗಳಿಗೆ ಕೊಟ್ಟ ಜಾಗ ಸೈನಿಕ ಕೆಲಸಕ್ಕೆ ಬಳಕೆ ಆಗುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು. ಬಂದರು, ಎಣ್ಣೆ, ರೇಡಿಯೋ! ಜಾಫ್ನಾದ ತಾಯಂದಿರ ಕಣ್ಣೀರು ಒರೆಸೋಕೆ ಹೊರಟವರ ಜೇಬಿನಲ್ಲಿ ಈ ಪಟ್ಟಿ ಇತ್ತು.

ಎರಡೇ ತಿಂಗಳಿಗೆ ಶಾಂತಿಪಾಲನೆ ಯುದ್ಧವಾಯ್ತು. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾನಿಲಯದ ಮೈದಾನದಲ್ಲಿ ಹೆಲಿಕಾಪ್ಟರಿನಿಂದ ಇಳಿಸಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಸೈನಿಕರಲ್ಲಿ 29 ಜನ ಸತ್ತರು, ಒಬ್ಬ ಸೆರೆಸಿಕ್ಕಿದ. ಆ ರೆಜಿಮೆಂಟಿಗೆ ಸೇರಿಸಿಕೊಳ್ಳೋದು ಮಜಹಬಿ ಮತ್ತು ರಾಮದಾಸಿಯಾ ಸಿಖ್ಖರನ್ನು. ಅಂದರೆ ಪಂಜಾಬಿನ ಕೇರಿಯ ಮಕ್ಕಳನ್ನು. 'ಕೈ ಕಟ್ಟಿಹಾಕಿದರು' ಅಂತ ಹಾಡುವವರು ಇದನ್ನು ಹಾಡೋದಿಲ್ಲ. ಕೈ ಯಾರದ್ದು, ಕಳಿಸಿದವರು ಯಾರು, ಸತ್ತ ದೇಹ ಯಾರದ್ದು? ಒಟ್ಟು ಸಾವಿರದ ನೂರಕ್ಕೂ ಹೆಚ್ಚು ಭಾರತೀಯ ಸೈನಿಕರು ಅಲ್ಲಿ ಜೀವ ಬಿಟ್ಟರು.

ಅಕ್ಟೋಬರ್ 21ರಂದು ಅದೇ ಸೈನ್ಯ ಜಾಫ್ನಾ ಆಸ್ಪತ್ರೆಯೊಳಕ್ಕೆ ನುಗ್ಗಿತು. ರೋಗಿಗಳು, ದಾದಿಯರು, ವೈದ್ಯರು ಸೇರಿ ಅರವತ್ತಕ್ಕೂ ಹೆಚ್ಚು ಜನ ಸತ್ತರು. ಒಳಗಿಂದ ಗುಂಡು ಹಾರಿತು ಅನ್ನೋದು ಸೈನ್ಯದ ವಿವರಣೆ. ಹಾಸಿಗೆ ಹಿಡಿದ ರೋಗಿ ಯಾವ ಗುಂಡು ಹಾರಿಸಿದ್ದ? ಪಂಜಾಬಿನ ಬಡವನ ಮಗನಿಗೆ ಬಂದೂಕು ಕೊಟ್ಟು ಜಾಫ್ನಾದ ಬಡವನ ಮಗಳ ಮೇಲೆ ಗುರಿ ಹಿಡಿಸುವುದನ್ನು ದೆಹಲಿ 'ಶಾಂತಿಪಾಲನೆ' ಅಂತ ಕರೆಯಿತು.

ಇನ್ನು ವಾಪಸಾತಿಯ ಮಾತುಕತೆಗೆ ಬರೋಣ.

1988ರ ಡಿಸೆಂಬರಿನಲ್ಲಿ ರಣಸಿಂಘೆ ಪ್ರೇಮದಾಸ ಶ್ರೀಲಂಕಾದ ಅಧ್ಯಕ್ಷ ಚುನಾವಣೆ ಗೆದ್ದರು. ಕೊಲಂಬೋದ ಬಡವರ ಬೀದಿಯಿಂದ ಬಂದವರು. ಆ ದೇಶವನ್ನು ಆಳಿಕೊಂಡು ಬಂದ ಗೊವಿಗಮ ಮೇಲ್ಜಾತಿಯವರಲ್ಲ. ನಮ್ಮಲ್ಲಿ ಕೆಲವರಿಗೆ ಇದರಿಂದಲೇ ಪ್ರೀತಿ ಉಕ್ಕಬಹುದು. ತಡೀರಿ. ದಕ್ಷಿಣದಲ್ಲಿ ಜೆವಿಪಿಯ ಸಿಂಹಳ ಯುವಕರು ಬಂಡೆದ್ದಿದ್ದರು. ಭಾರತದ ಸೈನ್ಯ ತೊಲಗಲಿ ಅನ್ನೋದು ಅವರ ದೊಡ್ಡ ಕೂಗು. ಒಪ್ಪದವರನ್ನು ಅವರೂ ಕೊಂದರು. ಸರ್ಕಾರದ ಕೊಲೆಪಡೆಗಳು ಹಳ್ಳಿಹಳ್ಳಿಯಿಂದ ಹುಡುಗರನ್ನು ಎತ್ತಿಕೊಂಡು ಹೋಗಿ ರಸ್ತೆ ಬದಿ ಟೈರು ಹಾಕಿ ಸುಟ್ಟವು. ಬಡವರ ಬೀದಿಯಿಂದ ಬಂದ ಅಧ್ಯಕ್ಷರ ಕಾಲದಲ್ಲೇ ಬಡವರ ಮಕ್ಕಳು ಹಾಗೆ ಬೂದಿಯಾದರು. ಕುರ್ಚಿ ಏರಿದವನ ಜಾತಿ ಬದಲಾದ ಮಾತ್ರಕ್ಕೆ ಕುರ್ಚಿಯ ಕೆಲಸ ಬದಲಾಗೋದಿಲ್ಲ.

ಪ್ರೇಮದಾಸರಿಗೆ ಆ ಕೂಗನ್ನು ಜೆವಿಪಿಯ ಬಾಯಿಂದ ಕಿತ್ತುಕೊಳ್ಳಬೇಕಿತ್ತು. 1989ರ ಜೂನ್ 1ರಂದು ಬಹಿರಂಗವಾಗಿ ಹೇಳಿದರು: ಜುಲೈ 29ರೊಳಗೆ ಭಾರತದ ಪಡೆ ಪೂರ್ತಿ ಹೊರಡಬೇಕು. ದೆಹಲಿ ಒಪ್ಪಲಿಲ್ಲ. ಒಪ್ಪಂದದ ಜಾರಿ ಮತ್ತು ಪಡೆಯ ವಾಪಸಾತಿ ಜೊತೆಜೊತೆಗೇ ಆಗಬೇಕು, ತಮಿಳರ ರಕ್ಷಣೆಯ ಹೊಣೆ ನಮ್ಮದು ಅಂತ ರಾಜೀವ್ ಗಾಂಧಿ ಬರೆದರು. ಶುರುವಾಯ್ತು ತಾರೀಖಿನ ಜಗಳ. ಅವರ ಪಂಚಾಂಗ ಓದಿ:

1989 ಜುಲೈ 28: ಜಂಟಿ ಹೇಳಿಕೆ. ಮಾರನೇ ದಿನ ಸುಮಾರು 600 ಸೈನಿಕರು ಹಡಗು ಹತ್ತಿದರು. ಎರಡೂ ಕಡೆಯ ಮಾನ ಉಳಿಯಿತು.

ಸೆಪ್ಟೆಂಬರ್ 18: ಕೊಲಂಬೋದಲ್ಲಿ ಮತ್ತೊಂದು ಒಪ್ಪಂದ. 20ರಿಂದ ದಾಳಿ ನಿಲ್ಲಿಸೋದು. ಡಿಸೆಂಬರ್ 31ರೊಳಗೆ ವಾಪಸಾತಿ ಮುಗಿಸಲು ಎಲ್ಲ ಪ್ರಯತ್ನ ಮಾಡೋದು.

ಡಿಸೆಂಬರ್ 2: ದೆಹಲಿಯಲ್ಲಿ ವಿ.ಪಿ. ಸಿಂಗ್ ಪ್ರಧಾನಿ. ಹೊಸ ಗಡುವು 1990ರ ಮಾರ್ಚ್ 31.

1990 ಮಾರ್ಚ್ 24: ಕೊನೆಯ ತುಕಡಿ ಟ್ರಿಂಕೋಮಲಿ ಬಿಟ್ಟಿತು.

ಈಗ ಅದೇ ದಿನಗಳ ಜನರ ಪಂಚಾಂಗ ಓದಿ:

1989 ಜುಲೈ 13: ಚುನಾವಣೆಯ ದಾರಿಯ ಹಿರಿಯ ತಮಿಳು ನಾಯಕ ಅಮಿರ್ತಲಿಂಗಂ ಅವರನ್ನು ಮಾತಾಡೋಕೆ ಅಂತ ಮನೆಗೆ ಬಂದ ಎಲ್‌ಟಿಟಿಇ ಹುಡುಗರು ಕೊಲಂಬೋದಲ್ಲಿ ಗುಂಡಿಕ್ಕಿ ಕೊಂದರು. ಆಗ ಎಲ್‌ಟಿಟಿಇ ನಾಯಕರು ಅದೇ ಕೊಲಂಬೋದಲ್ಲಿ ಪ್ರೇಮದಾಸ ಸರ್ಕಾರದ ಜೊತೆ ಮಾತುಕತೆ ನಡೆಸುತ್ತಿದ್ದರು.

ಆಗಸ್ಟ್ 2: ವಲ್ವೆಟ್ಟಿತುರೈ ಊರು. ಎಲ್‌ಟಿಟಿಇ ದಾಳಿಯಲ್ಲಿ ಆರು ಭಾರತೀಯ ಸೈನಿಕರು ಸತ್ತರು. ಅದರ ಸೇಡಿಗೆ ಸೈನ್ಯ ಐವತ್ತಕ್ಕೂ ಹೆಚ್ಚು ಊರಿನವರನ್ನು ಕೊಂದಿತು, ಮನೆಗಳನ್ನು ಸುಟ್ಟಿತು. ಜಂಟಿ ಹೇಳಿಕೆಯ ಶಾಯಿ ಒಣಗಿ ಐದು ದಿನ ಆಗಿತ್ತು.

ಸೆಪ್ಟೆಂಬರ್ 21: ಜಾಫ್ನಾ ವಿಶ್ವವಿದ್ಯಾನಿಲಯದಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ರಜನಿ ತಿರಣಗಮ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ಗುಂಡಿಗೆ ಬಲಿಯಾದರು. ಭಾರತದ ಸೈನ್ಯ, ಶ್ರೀಲಂಕಾದ ಸೈನ್ಯ, ತಮಿಳು ಗುಂಪುಗಳು ಮೂವರೂ ಜನರಿಗೆ ಮಾಡಿದ್ದನ್ನು ಹೆಸರು ಹಿಡಿದು ಬರೆದಿಟ್ಟವರು ಆಕೆ ಮತ್ತು ಆಕೆಯ ಸಂಗಾತಿಗಳು. ಆಕೆಯ ಸಂಗಾತಿಗಳು ಬೆರಳು ತೋರಿಸಿದ್ದು ಎಲ್‌ಟಿಟಿಇ ಕಡೆಗೆ. ದಾಳಿ ನಿಲ್ಲಿಸುವ ಒಪ್ಪಂದ ಜಾರಿಗೆ ಬಂದು ಅದು ಎರಡನೇ ದಿನ.

ಎರಡು ಪಂಚಾಂಗವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟಿದ ಗುರುತು ಎಲ್ಲಾದರೂ ಇದೆಯಾ?

ಆ ವರ್ಷದ ಕೊನೆಯಲ್ಲಿ ನಡೆದದ್ದು ಇನ್ನೂ ಘೋರ. ಭಾರತದ ಆಸರೆಯಲ್ಲಿ ಉತ್ತರ-ಪೂರ್ವ ಪ್ರಾಂತದಲ್ಲಿ ಇಪಿಆರ್‌ಎಲ್‌ಎಫ್ ಸರ್ಕಾರ ನಡೆಸುತ್ತಿತ್ತು, ವರದರಾಜ ಪೆರುಮಾಳ್ ಮುಖ್ಯಮಂತ್ರಿ. ಪಡೆ ಹೊರಟರೆ ನಮ್ಮ ಗತಿಯೇನು ಅಂತ ಅವರಿಗೆ ನಡುಕ. 'ತಮಿಳು ರಾಷ್ಟ್ರೀಯ ಸೈನ್ಯ' ಕಟ್ಟುತ್ತೇವೆ ಅಂತ ಹೊರಟರು. ಸೈನ್ಯಕ್ಕೆ ಜನ ಎಲ್ಲಿಂದ? ಬೀದಿಯಲ್ಲಿ, ಬಸ್ಸಿನಲ್ಲಿ, ಮನೆಯಲ್ಲಿ ಸಿಕ್ಕ ಹುಡುಗರನ್ನು ಬಲವಂತವಾಗಿ ಹಿಡಿದು ತಂದರು. ಎಷ್ಟೋ ಜನ ಶಾಲೆಗೆ ಹೋಗುವ ಹುಡುಗರು. ನಮ್ಮ ಹಾಸ್ಟೆಲಿನ ಪಿಯುಸಿ ಹುಡುಗರ ವಯಸ್ಸು. ಬಂದೂಕು ಕೈಗಿಟ್ಟರು, ಭಾರತದ ಸೈನ್ಯ ಕಣ್ಣೆದುರಿಗೇ ಇತ್ತು. ಅತ್ತ ಪ್ರೇಮದಾಸ ಸರ್ಕಾರ ಭಾರತದ ಪಡೆಯ ವಿರುದ್ಧ ಬಳಸಲು ಎಲ್‌ಟಿಟಿಇಗೆ ಬಂದೂಕು ಕೊಟ್ಟಿತು. ತಮಾಷೆ ನೋಡಿ: ತಾನೇ ತರಬೇತಿ ಕೊಟ್ಟವರ ಮೇಲೆ ದೆಹಲಿ ಯುದ್ಧ ಮಾಡಿತು. ತಾನೇ ಬಾಂಬು ಹಾಕಿದವರಿಗೆ ಕೊಲಂಬೋ ಬಂದೂಕು ಕೊಟ್ಟಿತು. ಎರಡೂ ಕಡೆ ಸಾಯೋಕೆ ನಿಂತವರು ತಮಿಳು ಹುಡುಗರು.

ಪಡೆ ಒಂದೊಂದೇ ಜಿಲ್ಲೆ ಬಿಡುತ್ತಾ ಹೋದ ಹಾಗೆ ಎಲ್‌ಟಿಟಿಇ ಬಂದು ಕೂತಿತು. ಹಿಡಿದು ತಂದ ಹುಡುಗರಲ್ಲಿ ನೂರಾರು ಜನ ಹೆಣವಾದರು. 1990ರ ಮಾರ್ಚ್ 1ರಂದು ಮುಖ್ಯಮಂತ್ರಿ ಸ್ವತಂತ್ರ ಈಳಂ ಘೋಷಣೆಯ ನಿರ್ಣಯ ಓದಿ ಭಾರತಕ್ಕೆ ಬಂದುಬಿಟ್ಟರು. ಮುಖ್ಯಮಂತ್ರಿಗೆ ದಾರಿ ಇತ್ತು. ಬಸ್ಸಿನಿಂದ ಇಳಿಸಿಕೊಂಡು ಹೋದ ಹುಡುಗನಿಗೆ ಯಾವ ದಾರಿ ಇತ್ತು?

ಹಾಗಾದರೆ ಪಡೆ ಅಲ್ಲೇ ಇರಬೇಕಿತ್ತಾ ಅಂತ ಯಾರಾದರೂ ಕೇಳಬಹುದು. ಖಂಡಿತ ಇಲ್ಲ. ಪರದೇಶದ ಬೂಟು ಇನ್ನೊಬ್ಬರ ಅಂಗಳದಲ್ಲಿ ಒಂದು ದಿನವೂ ಇರಬಾರದು. ಆ ಬೂಟು ನಮ್ಮ ದೇಶದ್ದಾದರೆ ಇನ್ನೂ ಗಟ್ಟಿಯಾಗಿ ಹೇಳಬೇಕು. ಆದರೆ ಹೊರಡುವ ಮೊದಲು ಆ ಹುಡುಗರ ಕೈಯಿಂದ ಬಂದೂಕು ಇಳಿಸಿ ಮನೆಗೆ ಕಳಿಸಬಹುದಿತ್ತು. ಪೂರ್ವದ ಜನರ ಮತ ಕೇಳುತ್ತೇವೆ ಅಂದವರು ಕೇಳಬಹುದಿತ್ತು. ಕೊಂದವರ ಹೆಸರು ಬರೆಯುತ್ತಿದ್ದ ರಜನಿಯಂಥವರನ್ನು ಕರೆದು ಕುರ್ಚಿ ಕೊಡಬಹುದಿತ್ತು. ಸೆಪ್ಟೆಂಬರಿನ ಒಪ್ಪಂದದಲ್ಲಿ ಶಾಂತಿ ಸಮಿತಿ, ಭದ್ರತಾ ಸಮಿತಿ ಅಂತ ಬರೆದರು. ಸಮಿತಿ ಕಾಗದದಲ್ಲಿ ಉಳಿಯಿತು, ತಾರೀಖು ಮಾತ್ರ ಜಾರಿಯಾಯ್ತು. ರಕ್ಷಣೆಯ ಹೊಣೆ ನಮ್ಮದು ಅಂತ ದೆಹಲಿ ಹೇಳಿದ್ದು ಇನ್ನೊಂದಿಷ್ಟು ದಿನ ಇರೋಕೆ ನೆವ. ಸ್ವಾಭಿಮಾನ ಅಂತ ಕೊಲಂಬೋ ಹೇಳಿದ್ದು ಬೇಗ ಕಳಿಸೋಕೆ ನೆವ.

ಎಲ್‌ಟಿಟಿಇಯನ್ನು ಕಂಡರೆ ಮೈ ಜುಮ್ಮೆನ್ನಿಸಿಕೊಳ್ಳುವ ಗೆಳೆಯರಿಗೂ ಒಂದು ಮಾತು. ಪಡೆ ಹೋಗಿ ಮೂರು ತಿಂಗಳು ತುಂಬುವ ಮೊದಲೇ, 1990ರ ಜೂನ್‌ನಲ್ಲಿ, ಎಲ್‌ಟಿಟಿಇಗೂ ಕೊಲಂಬೋಗೂ ಯುದ್ಧ ಹತ್ತಿತು. ಅಕ್ಟೋಬರಿನಲ್ಲಿ ಎಲ್‌ಟಿಟಿಇ ಉತ್ತರದ ಮುಸ್ಲಿಮರನ್ನು, ಸುಮಾರು 70 ಸಾವಿರ ಜನರನ್ನು, ಉಟ್ಟ ಬಟ್ಟೆಯಲ್ಲಿ ಹೊರಗಟ್ಟಿತು. ವಿಮೋಚನೆ ಅಂತ ಹೆಸರಿಟ್ಟುಕೊಂಡು ನೆರೆಮನೆಯವರನ್ನು ಗಡೀಪಾರು ಮಾಡುವವರಿಗೆ ನಮ್ಮ ಚಪ್ಪಾಳೆ ಇಲ್ಲ.

ಇನ್ನೊಂದು ಸಂಗತಿ. 'ತಮಿಳರು' ಅಂತ ದೆಹಲಿ, ಕೊಲಂಬೋ ಒಂದೇ ಉಸಿರಿನಲ್ಲಿ ಹೇಳಿದವು. ಜಾಫ್ನಾದಲ್ಲೂ ಕೇರಿ ಇದೆ. ಅಲ್ಲಿಯ ಪಂಚಮರಿಗೆ ಗುಡಿ, ಬಾವಿ, ಚಹಾದಂಗಡಿ ಮುಚ್ಚಿದ್ದವು. 1968ರಲ್ಲಿ ಮಾವಿಟ್ಟಪುರಂ ದೇವಸ್ಥಾನದ ಬಾಗಿಲಲ್ಲಿ ಅವರು ಕೂತು ಹೋರಾಡಬೇಕಾಯ್ತು. ಗುಡ್ಡಗಾಡಿನ ಚಹಾ ತೋಟಗಳಲ್ಲಿ ಇದ್ದವರು ಬೇರೆಯೇ ತಮಿಳರು. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಕೂಲಿಗೆ ಹೋದವರು, ಅವರಲ್ಲಿ ಬಹಳ ಜನ ದಲಿತರು. 1948ರ ಕಾನೂನಿನಿಂದ ಅವರ ಪೌರತ್ವವೇ ಹೋಯ್ತು.

ಅವರ ಬಗ್ಗೆಯೂ ಇದೇ ಎರಡು ರಾಜಧಾನಿಗಳು ಇದೇ ಥರ ಮೇಜು ಹಾಕಿದ್ದವು. 1964ರ ಅಕ್ಟೋಬರ್ 30ರಂದು ಸಿರಿಮಾವೋ ಮತ್ತು ಶಾಸ್ತ್ರಿ ಸಹಿ ಹಾಕಿದರು. 9,75,000 ಜನರಲ್ಲಿ ನಿಮಗೆ 3,00,000, ನಮಗೆ 5,25,000. ಉಳಿದ 1,50,000 ಆಮೇಲೆ ನೋಡೋಣ. 1974ರಲ್ಲಿ ಅದನ್ನೂ ಅರ್ಧರ್ಧ ಹಂಚಿಕೊಂಡರು. ಸಂತೆಯಲ್ಲಿ ಕುರಿ ಹಂಚುವವರೂ ಕುರಿಯ ಹಲ್ಲು ನೋಡ್ತಾರೆ. ಇವರು ಅದನ್ನೂ ನೋಡಲಿಲ್ಲ. ಹಾಗೆ ಹಂಚಿ ಬಂದವರಲ್ಲಿ ಒಂದಿಷ್ಟು ಜನ ನಮ್ಮ ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಿಗೆ ಬಂದರು. ಮರಕ್ಕೆ ಕತ್ತಿ ಹಾಕಿ ಹಾಲು ಇಳಿಸುವ ಕೆಲಸ. ಅವರ ಮಕ್ಕಳು ಜಾತಿ ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ಕಚೇರಿ ಅಲೆದರು. ಆ ಪತ್ರ ಇಲ್ಲದಿದ್ದರೆ ಹಾಸ್ಟೆಲ್ ಸೀಟು ಇಲ್ಲ, ಸ್ಕಾಲರ್‌ಶಿಪ್ ಇಲ್ಲ ಅನ್ನೋದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಪ್ಪಂದ ಅನ್ನೋದು ದೆಹಲಿಯಲ್ಲಿ ಸಹಿಯಾಗಿ ಮುಗಿಯೋದಿಲ್ಲ. ಮೂರನೇ ತಲೆಮಾರಿನ ಹುಡುಗಿ ತಾಲ್ಲೂಕು ಕಚೇರಿಯ ಕಿಟಕಿ ಮುಂದೆ ನಿಂತಾಗಲೂ ಅದು ನಡೀತಾನೇ ಇರುತ್ತೆ.

ಹೋಗಲಿ, 1987ರ ಒಪ್ಪಂದದಲ್ಲಿ ಕೊನೆಗೆ ಉಳಿದದ್ದೇನು? ಪೂರ್ವದ ಜನರ ಮತ ಯಾವತ್ತೂ ಕೇಳಲಿಲ್ಲ. ಕೂಡಿಸಿದ ಪ್ರಾಂತವನ್ನು 2006ರಲ್ಲಿ ಶ್ರೀಲಂಕಾದ ಸುಪ್ರೀಂ ಕೋರ್ಟು ಬೇರೆ ಮಾಡಿತು. ಸಹಿ ಹಾಕಿದ ರಾಜೀವ್ ಗಾಂಧಿ 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ಬಾಂಬಿಗೆ ಬಲಿಯಾದರು. ಗಡುವು ಕೊಟ್ಟ ಪ್ರೇಮದಾಸ 1993ರ ಮೇ 1ರಂದು ಬಾಂಬಿಗೆ ಬಲಿಯಾದರು. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಮುಳ್ಳಿವಾಯ್ಕಾಲಿನ ಮರಳಿನಲ್ಲಿ ಸಾವಿರಾರು ಜನ ಮಣ್ಣಾಗಿದ್ದರು. ಉತ್ತರ ಪ್ರಾಂತ ಪರಿಷತ್ತಿನ ಅವಧಿ 2018ರಲ್ಲಿ ಮುಗಿಯಿತು. ಆದರೆ ಆ ಎಣ್ಣೆ ಟ್ಯಾಂಕುಗಳು? ಅವು ಸುಖವಾಗಿವೆ. 2022ರ ಜನವರಿಯಲ್ಲಿ ಟ್ರಿಂಕೋಮಲಿಯ ಟ್ಯಾಂಕುಗಳನ್ನು ಭಾರತದ ಕಂಪನಿ ಮತ್ತು ಶ್ರೀಲಂಕಾದ ಕಂಪನಿ ಸೇರಿ ಬೆಳೆಸುವ ಕಾಗದಕ್ಕೆ ಸಹಿ ಬಿತ್ತು. ಮೂವತ್ತನಾಲ್ಕು ವರ್ಷ ದಾಟಿದ ಮೇಲೂ ಎಣ್ಣೆಗೆ ಕೊಟ್ಟ ಮಾತು ಬದುಕಿತ್ತು. ಜನಕ್ಕೆ ಕೊಟ್ಟ ಮಾತು ಸತ್ತಿತ್ತು.

ಇದು ಲಂಕೆಯ ಕತೆ ಮಾತ್ರ ಅಲ್ಲ. 2020ರ ಫೆಬ್ರವರಿ 29ರಂದು ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಸೈನ್ಯ ವಾಪಸಾತಿಯ ಕಾಗದಕ್ಕೆ ಸಹಿ ಹಾಕಿದಾಗ ಆಫ್ಘಾನಿಸ್ತಾನದ ಯಾವ ಹೆಣ್ಣುಮಗಳ ಸಹಿ ಅದರಲ್ಲಿತ್ತು? 2021ರ ಆಗಸ್ಟಿನಲ್ಲಿ ಕಾಬೂಲ್ ಕೈಬದಲಾಯ್ತು, ಹೆಣ್ಣುಮಕ್ಕಳ ಹೈಸ್ಕೂಲಿನ ಬಾಗಿಲು ಮುಚ್ಚಿತು.

ಆದ್ದರಿಂದ ಗೆಳೆಯರೇ, ನಾಳೆ ಪತ್ರಿಕೆಯಲ್ಲಿ ಯಾವುದೋ ದೇಶದಿಂದ ಯಾವುದೋ ದೇಶದ ಪಡೆ ಹೊರಡುವ ಮಾತುಕತೆ ಅಂತ ಓದಿದರೆ, ನಗುವ ಫೋಟೋ ನೋಡಿ ಪುಟ ತಿರುವಬೇಡಿ. ಮೂರು ಪ್ರಶ್ನೆ ಕೇಳಿ. ಮೇಜಿನ ಮುಂದೆ ಯಾರನ್ನು ಕೂರಿಸಿಲ್ಲ? ಸೈನ್ಯದ ಬಲವಂತಕ್ಕೆ ಬಂದೂಕು ಹಿಡಿದ ಹುಡುಗರನ್ನು ಯಾರ ಕೈಗೆ ಬಿಟ್ಟು ಹೋಗ್ತಾರೆ? ಜೊತೆಗೆ ಕೊಟ್ಟು ತಗೊಂಡ ಕಾಗದದಲ್ಲಿ ಯಾವ ಬಂದರು, ಯಾವ ಎಣ್ಣೆ ಇದೆ? ಇವಕ್ಕೆ ಉತ್ತರ ಸಿಗುವವರೆಗೆ ಅದನ್ನು ಶಾಂತಿ ಅಂತ ಕರೆಯಬೇಡಿ.

ಹಾಳೆ ಓದಿ ಆದಮೇಲೆ ಪಕ್ಕದ ರೂಮಿಗೆ ಕೊಡಿ. ಒಪ್ಪದವರು ಇದ್ದರೆ ರಾತ್ರಿ ಊಟ ಆದಮೇಲೆ ಮೆಸ್ಸಿನಲ್ಲೇ ಕೂತು ಜಗಳ ಆಡಿ. ಬಾಯಿ ಮುಚ್ಚಿಕೊಂಡು ಮಾತ್ರ ಇರಬೇಡಿ.